ಸಿಪ್ಪೆಸಹಿತ ತಿನ್ನುವ ಬಟಾಣಿ: ಆರಿಸುವುದರಿಂದ ಒಲೆಯಿಂದ ಇಳಿಸುವವರೆಗೆ

ಸ್ನೋ ಪೀಸ್ ಅಥವಾ ಶುಗರ್ ಸ್ನ್ಯಾಪ್ ಬಟಾಣಿಯನ್ನು ತಂದು ಅಡುಗೆ ಮಾಡಿದವರ ದೂರುಗಳು ಬಹುಮಟ್ಟಿಗೆ ಮೂರೇ: ಅಗಿದಷ್ಟೂ ಬಾಯಲ್ಲಿ ನಾರು ಉಳಿಯಿತು, ಪಲ್ಯವಾಗುವಷ್ಟರಲ್ಲಿ ಹಸಿರು ಹೋಗಿ ಬಣ್ಣ ಕಂದಿತು, ಅಷ್ಟು ದುಡ್ಡು ಕೊಟ್ಟು ತಂದದ್ದು ಕೊನೆಗೆ ಹುರುಳಿಕಾಯಿಗಿಂತಲೂ ಸಪ್ಪೆಯಾಗಿತ್ತು. ಈ ಮೂರಕ್ಕೂ ಕಾರಣ ಮಸಾಲೆಯ ಅಳತೆಯಲ್ಲಿಲ್ಲ, ಕೈಗೆ ಅಂಟಿದ ಅಭ್ಯಾಸದಲ್ಲಿದೆ. ಹುರುಳಿಕಾಯಿ ಪಲ್ಯಕ್ಕೆಂದು ನಾವು ಕಲಿತಿರುವ ಕ್ರಮ, ಅಂದರೆ ಸಣ್ಣಗೆ ಹೆಚ್ಚಿ, ಒಗ್ಗರಣೆಗೆ ಹಾಕಿ, ಉಪ್ಪು ಬೆರೆಸಿ, ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸುವ ಕ್ರಮ, ಈ ಕಾಯಿಗೆ ಹೆಜ್ಜೆಹೆಜ್ಜೆಗೂ ವಿರುದ್ಧವಾದದ್ದು. ಆದ್ದರಿಂದ ಇಲ್ಲಿ ರುಚಿಯ ಮಾತಿಗಿಂತ ಕ್ರಮದ ಮಾತೇ ಹೆಚ್ಚಾಗಿದೆ.

1. ಯಾವ ಕಾಯಿ ಎಂಬುದನ್ನು ಮೊದಲು ಗುರುತಿಸಿ

ಕಾಳು ಸುಲಿದು ಸಿಪ್ಪೆ ಬಿಸಾಡುವ ಸಾಮಾನ್ಯ ಹಸಿಬಟಾಣಿಯ ಸಿಪ್ಪೆಯ ಒಳಮೈಗೆ ಹೊಳೆಯುವ, ಬಿರುಸಾದ ಒಂದು ತೆಳುಪೊರೆ ಅಂಟಿಕೊಂಡಿರುತ್ತದೆ. ಎಷ್ಟು ಹೊತ್ತು ಬೇಯಿಸಿದರೂ ಅದು ಮೆತ್ತಗಾಗುವುದಿಲ್ಲ. ಬಾಯಲ್ಲಿ ಉಳಿಯುವ ಕಾಗದದಂಥ ಚೂರು ಅದೇ. ಸಿಪ್ಪೆಸಹಿತ ತಿನ್ನುವ ತಳಿಗಳಲ್ಲಿ ಈ ಪೊರೆ ಇರುವುದಿಲ್ಲ, ಇದ್ದರೂ ಇಲ್ಲವೆನ್ನುವಷ್ಟು ಎಳೆಯದಾಗಿರುತ್ತದೆ. ಅವರೆಕಾಯಿಯನ್ನು ಬಿಡಿಸಿ ಕಾಳಷ್ಟನ್ನೇ ಬಳಸುವ, ಆದರೆ ಚಪ್ಪರದವರೆಯನ್ನು ಸಿಪ್ಪೆಯೊಂದಿಗೇ ಹೆಚ್ಚುವ ನಮಗೆ ಈ ವ್ಯತ್ಯಾಸ ಹೊಸದೇನಲ್ಲ. ಬಟಾಣಿಯಲ್ಲೂ ಅದು ಇದೆ ಎಂಬುದಷ್ಟೇ ಹೊಸದು.

ಇಂಥ ಬಟಾಣಿಯಲ್ಲಿ ಅಂಗಡಿಗೆ ಬರುವುದು ಮುಖ್ಯವಾಗಿ ಎರಡು ಬಗೆ. ಸ್ನೋ ಪೀಸ್ ಚಪ್ಪಟೆಯಾಗಿ, ತೆಳ್ಳಗೆ, ತಿಳಿಹಸಿರಾಗಿರುತ್ತದೆ. ಒಳಗಿನ ಕಾಳು ಇನ್ನೂ ಮೊಳೆಯಂತಿರುವಾಗಲೇ ಅದನ್ನು ಕೊಯ್ಯುತ್ತಾರೆ. ಶುಗರ್ ಸ್ನ್ಯಾಪ್ ದುಂಡಗೆ, ದಪ್ಪಸಿಪ್ಪೆಯದಾಗಿರುತ್ತದೆ. ಅದರಲ್ಲಿ ಕಾಳು ತುಂಬಿಕೊಂಡ ಮೇಲೂ ಸಿಪ್ಪೆ ರಸವತ್ತಾಗಿಯೇ ಉಳಿಯುತ್ತದೆ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಚಪ್ಪಟೆ ಬಗೆಯು ಮಾಂಜ್‌ಟೂ ಎಂಬ ಹೆಸರಿನಲ್ಲಿ ಸಿಗುತ್ತದೆ. ಹೆಸರು ಬೇರೆಯಾದರೂ ಕಾಯಿ ಒಂದೇ.

ಚಪ್ಪಟೆಯದನ್ನು ಗುರುತಿಸುವಲ್ಲಿ ಯಾರೂ ಎಡವುವುದಿಲ್ಲ. ಎಡವುವುದೆಲ್ಲ ದುಂಡನೆಯದರಲ್ಲಿ, ಏಕೆಂದರೆ ಎಳೆಯ ಸಾಮಾನ್ಯ ಬಟಾಣಿ ಕಾಯಿಯೂ ಶುಗರ್ ಸ್ನ್ಯಾಪ್ ಕೂಡ ಮೇಲ್ನೋಟಕ್ಕೆ ಅಣ್ಣತಮ್ಮಂದಿರಂತಿರುತ್ತವೆ. ಒಂದು ಕಾಯಿಯನ್ನು ಬೆರಳ ನಡುವೆ ಒತ್ತಿ ನೋಡಿ. ಸಾಮಾನ್ಯ ಬಟಾಣಿಯಲ್ಲಿ ಕಾಳಿಗೂ ಸಿಪ್ಪೆಗೂ ನಡುವೆ ಗಾಳಿ ತುಂಬಿದ ಟೊಳ್ಳು ಕೈಗೆ ತಿಳಿಯುತ್ತದೆ. ಶುಗರ್ ಸ್ನ್ಯಾಪ್‌ನಲ್ಲಿ ಸಿಪ್ಪೆ ಕಾಳನ್ನು ಅಪ್ಪಿಕೊಂಡಿರುತ್ತದೆ. ಆಮೇಲೆ ಅದನ್ನು ಮುರಿಯಿರಿ. ಟಪ್ಪೆಂದು ಎರಡು ತುಂಡಾದರೆ, ತುಂಡಾದ ಜಾಗದಲ್ಲಿ ಸಿಪ್ಪೆ ದಪ್ಪಗೆ ನೀರುನೀರಾಗಿ ಕಂಡರೆ, ಅದು ನಿಮಗೆ ಬೇಕಾದದ್ದು. ಮುರಿಯದೆ ಮಡಚಿಕೊಂಡು, ಒಳಗಿನಿಂದ ಪೊರೆಯೊಂದು ಎಳೆದಂತೆ ಕಿತ್ತುಬಂದರೆ ಅದು ಸುಲಿಯುವ ಬಟಾಣಿ. ಶಾಲೆಯಲ್ಲಿ ಮೆಂಡೆಲ್ ಪ್ರಯೋಗವನ್ನು ಓದಿದವರಿಗೆ ಉಬ್ಬಿದ ಕಾಯಿ ಮತ್ತು ಕಾಳುಗಳ ನಡುವೆ ಇರುಕಿದ ಕಾಯಿ ಎಂಬ ಜೋಡಿ ನೆನಪಿರಬಹುದು. ಅಲ್ಲಿ ಇರುಕಿದ ಕಾಯಿ ಎಂದರೆ ಈ ಪೊರೆಯಿಲ್ಲದ ಕಾಯಿಯೇ. ಬಿಗಿಹಿಡಿಯುವ ಪೊರೆ ಇಲ್ಲವಾದ್ದರಿಂದ ಬಲಿತಾಗ ಸಿಪ್ಪೆ ಕಾಳಿನ ಸುತ್ತ ಕುಸಿಯುತ್ತದೆ.

ಕುಂಡದಲ್ಲಿ ಬೆಳೆಯುವವರಿಗೆ ಒಂದು ಎಚ್ಚರಿಕೆ. ಹೂವಿಗಾಗಿ ಬೆಳೆಸುವ ಸ್ವೀಟ್ ಪೀ ಎಂಬ ಬಳ್ಳಿಯ ಕಾಯಿ ನೋಡಲು ಬಟಾಣಿಯಂತೆಯೇ ಇರುತ್ತದೆ, ಹೆಸರೂ ಸಿಹಿಯಾಗಿಯೇ ಕೇಳಿಸುತ್ತದೆ, ಆದರೆ ಅದು ವಿಷಕಾರಿ. ಅದು ಕೇಸರಿ ಬೇಳೆಯ ಕುಲಕ್ಕೆ ಸೇರಿದ ಬೇರೆಯೇ ಗಿಡ. ಬೀಜದ ಪೊಟ್ಟಣದ ಮೇಲೆ ತರಕಾರಿ ಎಂದು ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಅದರ ಕಾಯಿಯನ್ನು ತಿನ್ನಬೇಡಿ.

2. ಕೊಳ್ಳುವಾಗ ನೋಡಬೇಕಾದ ಗುರುತುಗಳು

ನಮ್ಮ ಊರುಗಳ ಎಲ್ಲ ಸಂತೆಗಳಲ್ಲೂ ಇದು ಸಿಗುವುದಿಲ್ಲ. ಬೆಂಗಳೂರಿನಲ್ಲಾದರೆ ರಸೆಲ್ ಮಾರುಕಟ್ಟೆಯಂಥ ಕಡೆ ಇಂಗ್ಲಿಷ್ ತರಕಾರಿ ಮಾರುವವರ ಬಳಿ, ಉಳಿದಂತೆ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಕೇಳಬೇಕು. ಬಟಾಣಿ ತಂಪು ಹವೆಯ ಬೆಳೆಯಾದ್ದರಿಂದ ಬಯಲುಸೀಮೆಯ ಬಿಸಿಲುಗಾಲದಲ್ಲಿ ಸಿಕ್ಕುವ ಕಾಯಿ ದೂರದ ಬೆಟ್ಟಪ್ರದೇಶದಿಂದಲೋ ಶೀತಗೃಹದಿಂದಲೋ ಬಂದಿರುವ ಸಾಧ್ಯತೆ ಹೆಚ್ಚು. ಚಳಿಗಾಲದಲ್ಲಿ ಕೊಂಡರೆ ರುಚಿಯೂ ಚೆನ್ನ, ಬೆಲೆಯೂ ತಕ್ಕಮಟ್ಟಿಗೆ ಹಗುರ.

ಸ್ನೋ ಪೀಸನ್ನು ಬೆಳಕಿಗೆ ಹಿಡಿದು ನೋಡಿ. ಸಿಪ್ಪೆಯ ಮೂಲಕ ಬೆಳಕು ಹಾಯ್ದು, ಕಾಳುಗಳು ಸಣ್ಣ ಚುಕ್ಕೆಗಳಂತೆ ಕಾಣಬೇಕು. ಹೊರಮೈ ಮೇಲೆ ಕಾಳಿನ ಉಬ್ಬು ಎದ್ದು ಕಾಣುತ್ತಿದ್ದರೆ ಕಾಯಿ ಬಲಿತಿದೆ, ಅದರ ನಾರೂ ಬಲಿತಿದೆ. ಉದ್ದ ಹೆಚ್ಚಿದಷ್ಟೂ ಲಾಭವೆಂದು ದೊಡ್ಡದನ್ನೇ ಆರಿಸುವುದು ಇಲ್ಲಿ ನಷ್ಟದ ವ್ಯಾಪಾರ, ಬೆರಳುದ್ದದ್ದು ಸಾಕು. ಶುಗರ್ ಸ್ನ್ಯಾಪ್‌ಗೆ ಈ ನಿಯಮ ತಿರುಗುಮುರುಗು: ಅದು ತುಂಬಿಕೊಂಡೇ ಇರಬೇಕು, ಆದರೆ ಬಣ್ಣ ಮಂಕಾಗಿರಬಾರದು, ಸಿಪ್ಪೆ ಸುಕ್ಕಾಗಿರಬಾರದು.

ಎರಡಕ್ಕೂ ಸಮಾನವಾದ ಗುರುತು ತೊಟ್ಟು. ತೊಟ್ಟಿನ ಬುಡದ ಪುಟ್ಟ ಎಸಳುಗಳು ಹಸಿರಾಗಿದ್ದರೆ ಕಾಯಿ ತಾಜಾ. ಒಣಗಿ ಕಂದಿದ್ದರೆ, ಅಂಗಡಿಯವನು ಎಷ್ಟೇ ನೀರು ಚಿಮುಕಿಸಿ ಹೊಳಪು ಬರಿಸಿದ್ದರೂ, ಕೊಯ್ದು ದಿನಗಳಾಗಿವೆ. ಎರಡು ಕಾಯಿಗಳನ್ನು ಒಂದಕ್ಕೊಂದು ಉಜ್ಜಿದಾಗ ಕಿರ್ ಎಂಬ ಸದ್ದು ಬಂದರೆ ಒಳಗೆ ನೀರಿನಂಶ ಇದೆ ಎಂದರ್ಥ. ಪ್ಲಾಸ್ಟಿಕ್ ಹಾಳೆ ಸುತ್ತಿದ ತಟ್ಟೆಯಲ್ಲಿ ಕೊಳ್ಳುವಾಗ ತಟ್ಟೆಯನ್ನು ತಿರುಗಿಸಿ ತಳ ನೋಡಿ. ಒಮ್ಮೆ ಮೇಲಿನ ಸಾಲನ್ನು ಮಾತ್ರ ನೋಡಿ ತಂದು, ಮನೆಯಲ್ಲಿ ಬಿಚ್ಚಿದಾಗ ಕೆಳಗಿನ ಸಾಲು ಲೋಳೆಯಾಗಿದ್ದುದನ್ನು ಕಂಡಿದ್ದೇನೆ. ಹಾಳೆಯ ಒಳಗೆ ನೀರಹನಿ ಕಟ್ಟಿದ್ದನ್ನು ಅಂಗಡಿಯಲ್ಲೇ ಗಮನಿಸಿದ್ದರೆ ಸಾಕಿತ್ತು.

ನಾಲ್ವರಿಗೆ ಪಲ್ಯದಂತೆ ಬಡಿಸಲು 250 ಗ್ರಾಂ ಸಾಕಾಗುತ್ತದೆ. ತೊಟ್ಟು ಮತ್ತು ನಾರು ಬಿಟ್ಟರೆ ಬೇರೇನೂ ಹೋಗದ ಕಾರಣ, ಸುಲಿಯುವ ಬಟಾಣಿಯ ಲೆಕ್ಕದಲ್ಲಿ ಇಮ್ಮಡಿ ತರುವ ಅಗತ್ಯವಿಲ್ಲ. ಬೆಲೆ ಹೋಲಿಸುವಾಗಲೂ ಇದನ್ನು ಮನಸ್ಸಿನಲ್ಲಿಡಬೇಕು.

3. ಮನೆಗೆ ತಂದ ಮೇಲೆ

ಕೊಯ್ದ ಗಳಿಗೆಯಿಂದ ಬಟಾಣಿಯ ಸಕ್ಕರೆ ಪಿಷ್ಟವಾಗಿ ಬದಲಾಗತೊಡಗುತ್ತದೆ, ಬೆಚ್ಚಗಿದ್ದಷ್ಟೂ ಬೇಗ. ಸಪ್ಪೆಯಾಯಿತು ಎಂಬ ದೂರಿನ ಅರ್ಧ ಪಾಲು ಇಲ್ಲಿಂದಲೇ ಹುಟ್ಟುತ್ತದೆ. ಆದ್ದರಿಂದ ತಂದ ಕೂಡಲೇ ಫ್ರಿಜ್ಜಿಗೆ ಸೇರಿಸಬೇಕು. ತೊಳೆಯದೆ, ತೆಳುಬಟ್ಟೆಯಲ್ಲಿ ಸುತ್ತಿ ಅಥವಾ ನಾಲ್ಕಾರು ತೂತು ಮಾಡಿದ ಚೀಲದಲ್ಲಿ ಹಾಕಿ ತರಕಾರಿ ಡಬ್ಬದಲ್ಲಿಡಿ. ಮಾಗಿದ ಬಾಳೆಹಣ್ಣು, ಸೇಬು, ಟೊಮೇಟೊಗಳ ಪಕ್ಕ ಇಡಬೇಡಿ. ಅವು ಬಿಡುವ ಎಥಿಲೀನ್ ಅನಿಲಕ್ಕೆ ಈ ಕಾಯಿ ಬೇಗ ಹಳದಿಯಾಗುತ್ತದೆ. ಮೂರು ನಾಲ್ಕು ದಿನದೊಳಗೆ ಬಳಸಿಬಿಡುವುದು ಒಳ್ಳೆಯದು. ಅದಕ್ಕಿಂತ ಹೆಚ್ಚು ದಿನ ಕಾಯಿ ಹಾಳಾಗದೆ ಉಳಿಯಬಹುದು, ಸಿಹಿ ಉಳಿಯುವುದಿಲ್ಲ.

4. ಒಲೆ ಹಚ್ಚುವ ಮೊದಲು ಕೈಗೆ ಸಿಗುವಂತೆ ಇಡಬೇಕಾದವು

ಅಡುಗೆಯ ಒಟ್ಟು ಕಾಲ ಎರಡು ಮೂರು ನಿಮಿಷವಾದ್ದರಿಂದ, ಒಲೆ ಹಚ್ಚಿದ ಮೇಲೆ ಡಬ್ಬ ಹುಡುಕಲು ಬಿಡುವಿರುವುದಿಲ್ಲ. ಅಗಲ ಬಾಯಿಯ ಕಬ್ಬಿಣದ ಬಾಣಲೆ, ಉದ್ದ ಹಿಡಿಯ ಸಟ್ಟುಗ, ನೀರು ಬಸಿಯಲು ತೂತಿನ ಪಾತ್ರೆ, ಒಣ ಹತ್ತಿಬಟ್ಟೆ, ಗಡಿಯಾರ ಮತ್ತು ಬಡಿಸುವ ತಟ್ಟೆ ಮೊದಲೇ ಸಿದ್ಧವಿರಲಿ. ಗಡಿಯಾರವನ್ನು ತಮಾಷೆಗೆ ಹೇಳಿದ್ದಲ್ಲ: ಅಂದಾಜಿನಲ್ಲಿ ನಡೆಯುವ ಕೈಗೆ ಒಂದೂವರೆ ನಿಮಿಷ ಎಂಬುದು ನಾಲ್ಕು ನಿಮಿಷವಾಗುವುದು ತೀರ ಸಹಜ. ನಾನ್‌ಸ್ಟಿಕ್ ಬಾಣಲೆಯನ್ನು ಬರಿದೇ ದೊಡ್ಡ ಉರಿಯಲ್ಲಿ ಕಾಯಿಸಬಾರದು. ಬೇರೆ ಬಾಣಲೆ ಇಲ್ಲದಿದ್ದರೆ ಏಳನೆಯ ಹಂತದ ಬದಲು ಎಂಟನೆಯ ಹಂತದ ದಾರಿ ಹಿಡಿಯಿರಿ.

5. ನಾರು ತೆಗೆಯುವುದು

ಇದನ್ನು ಬಿಟ್ಟವರೇ ಹೆಚ್ಚು, ಪಶ್ಚಾತ್ತಾಪ ಪಟ್ಟವರೂ ಅವರೇ. ಕಾಯಿಯ ಎರಡು ಅಂಚುಗಳ ಉದ್ದಕ್ಕೂ ನಾರಿನ ಎಳೆ ಇರುತ್ತದೆ. ಕಾಳು ಅಂಟಿಕೊಂಡಿರುವ ಅಂಚಿನದು ಗಟ್ಟಿ, ಇನ್ನೊಂದು ಅಂಚಿನದು ತೆಳು. ಸ್ನೋ ಪೀಸ್ ಎಳೆಯದಾಗಿದ್ದರೆ ಗಟ್ಟಿ ಅಂಚಿನದನ್ನಷ್ಟೇ ತೆಗೆದರೆ ನಡೆಯುತ್ತದೆ. ಶುಗರ್ ಸ್ನ್ಯಾಪ್‌ನಲ್ಲಿ ಎರಡೂ ಅಂಚಿನದನ್ನು ತೆಗೆಯಬೇಕು. ನಾರಿಲ್ಲದ ತಳಿಗಳೂ ಉಂಟು, ಆದರೆ ಒಂದು ಕಾಯಿಯನ್ನು ಹಸಿಯಾಗಿ ಅಗಿದು ನೋಡದೆ ಹಾಗೆಂದು ನಂಬಬಾರದು.

ವಿಧಾನ ಚಪ್ಪರದವರೆಯದೇ. ತುದಿಯನ್ನು ಉಗುರಿನಿಂದ ಪೂರ್ತಿ ಕತ್ತರಿಸಿಬಿಡದೆ ಅರ್ಧ ಮುರಿದು, ಹಾಗೆಯೇ ಗಟ್ಟಿ ಅಂಚಿನ ಗುಂಟ ತೊಟ್ಟಿನವರೆಗೆ ಎಳೆಯಿರಿ. ಅಲ್ಲಿ ತೊಟ್ಟನ್ನು ಮುರಿದು ಇನ್ನೊಂದು ಅಂಚಿನ ಗುಂಟ ಹಿಂದಕ್ಕೆ ಎಳೆಯಿರಿ. ಚಾಕುವಿನಿಂದಲೋ ಈಳಿಗೆಯಿಂದಲೋ ಎರಡು ತುದಿಗಳನ್ನು ಒಟ್ಟಿಗೆ ಕತ್ತರಿಸಿಬಿಡುವುದು ಬೇಗ ಮುಗಿಯುವ ಕೆಲಸವೇನೋ ಹೌದು, ಆದರೆ ನಾರು ಅಲ್ಲೇ ಉಳಿಯುತ್ತದೆ, ಹಿಡಿದು ಎಳೆಯಲು ತುದಿಯೂ ಇರುವುದಿಲ್ಲ. ಕಾಯಿ ಬಾಡಿದ್ದರೆ ನಾರು ನಡುವೆ ತುಂಡಾಗುತ್ತದೆ. ಹಾಗಾದಾಗ ಹತ್ತು ನಿಮಿಷ ತಣ್ಣೀರಿನಲ್ಲಿ ಹಾಕಿಟ್ಟು ಆಮೇಲೆ ಎಳೆದರೆ ಸಲೀಸಾಗಿ ಬರುತ್ತದೆ.

ಸಣ್ಣಗೆ ಹೆಚ್ಚಬೇಡಿ. ಹೆಚ್ಚಿದ ಪ್ರತಿ ಬಾಯಿಯಿಂದಲೂ ರಸ ಸೋರುತ್ತದೆ, ಶುಗರ್ ಸ್ನ್ಯಾಪ್‌ನ ಕಾಳು ಉದುರುತ್ತದೆ. ಇಡಿಯಾಗಿ, ತೀರ ಬೇಕೆಂದರೆ ಓರೆಯಾಗಿ ಎರಡು ತುಂಡು ಮಾಡಿ ಬಳಸಿ. ಚಿಕ್ಕ ಮಕ್ಕಳಿಗೆ ಕೊಡುವುದಾದರೆ ಮಾತ್ರ, ಬೆಂದ ಮೇಲೆ, ಸಣ್ಣ ಚೂರು ಮಾಡಿಯೇ ಕೊಡಬೇಕು. ದುಂಡಗಿನ ಕಾಳು, ಉಳಿದ ನಾರು ಎರಡೂ ಗಂಟಲಿಗೆ ಸಿಕ್ಕಿಕೊಳ್ಳಬಹುದು.

6. ತೊಳೆದು, ಪೂರ್ತಿ ಒಣಗಿಸುವುದು

ಸಿಪ್ಪೆಯನ್ನೇ ತಿನ್ನುವುದರಿಂದ ಹರಿಯುವ ನೀರಿನಲ್ಲಿ ಕೈಯಾಡಿಸಿ ಚೆನ್ನಾಗಿ ತೊಳೆಯಬೇಕು. ತೊಳೆದ ಮೇಲೆ ಬಟ್ಟೆಯ ಮೇಲೆ ಹರಡಿ, ಮೇಲಿನಿಂದಲೂ ಒತ್ತಿ ಒರೆಸಿ. ಹಸಿಯಾಗಿಯೇ ಬಾಣಲೆಗೆ ಬಿದ್ದ ಕಾಯಿ ಹುರಿಯುವುದಿಲ್ಲ, ತನ್ನದೇ ಆವಿಯಲ್ಲಿ ಬೇಯುತ್ತದೆ. ಕಾದ ಎಣ್ಣೆ ಸಿಡಿಯುವುದು ಬೇರೆ.

7. ಬಾಣಲೆಯಲ್ಲಿ ಹುರಿಯುವ ಮೂಲಕ್ರಮ

ಅಳತೆ 250 ಗ್ರಾಂ ಕಾಯಿಗೆ: ಎರಡು ಚಮಚ ಕಡಲೆಕಾಯಿ ಎಣ್ಣೆ, ಅರ್ಧ ಚಮಚ ಸಾಸಿವೆ, ಒಂದು ಚಮಚ ಉದ್ದಿನಬೇಳೆ, ಒಂದು ಒಣಮೆಣಸಿನಕಾಯಿ, ಕರಿಬೇವು, ಎರಡು ದೊಡ್ಡ ಚಮಚ ತೆಂಗಿನತುರಿ, ಉಪ್ಪು.

ಒಗ್ಗರಣೆಗೆ ಬೇಕಾದ ಉರಿ ಮಧ್ಯಮ, ಕಾಯಿಗೆ ಬೇಕಾದ ಉರಿ ದೊಡ್ಡದು. ಇವೆರಡನ್ನು ಬೆರೆಸಿದಾಗಲೇ ಬೇಳೆ ಸೀಯುವುದು ಅಥವಾ ಕಾಯಿ ಮೆತ್ತಗಾಗುವುದು. ಆದ್ದರಿಂದ ಮಧ್ಯಮ ಉರಿಯಲ್ಲಿ ಸಾಸಿವೆ ಸಿಡಿಸಿ, ಉದ್ದಿನಬೇಳೆ ಕೆಂಪಗಾದ ಮೇಲೆ ಮೆಣಸಿನಕಾಯಿ, ಕರಿಬೇವು ಹಾಕಿ, ಈ ಒಗ್ಗರಣೆಯ ಬೇಳೆಯನ್ನು ಒಂದು ಬಟ್ಟಲಿಗೆ ತೆಗೆದಿಡಿ. ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ದೊಡ್ಡ ಉರಿಯಲ್ಲಿ ಹೊಗೆಯಾಡುವ ಮುನ್ನಿನ ಹದಕ್ಕೆ ಕಾಯಿಸಿ, ಒಣಗಿಸಿದ ಕಾಯನ್ನು ಒಂದೇ ಪದರದಲ್ಲಿ ಹರಡಿಕೊಳ್ಳುವಷ್ಟು ಮಾತ್ರ ಹಾಕಿ. ಬಾಣಲೆ ಚಿಕ್ಕದಿದ್ದರೆ ಎರಡು ಸಲ ಹುರಿಯಿರಿ. ಗುಡ್ಡೆ ಹಾಕಿದರೆ ಬಾಣಲೆ ತಣಿದು, ಕಾಯಿ ನೀರು ಬಿಡುತ್ತದೆ.

ಹಾಕಿದ ಗಳಿಗೆಯಲ್ಲೇ ಚುರ್ ಎಂಬ ಸದ್ದು ಬರಬೇಕು. ಮೊದಲ ಇಪ್ಪತ್ತು ಸೆಕೆಂಡು ಕೈಯಾಡಿಸದೆ ಬಿಟ್ಟು, ಆಮೇಲೆ ಬಿಡುವಿಲ್ಲದೆ ಮಗುಚಿ. ಸ್ನೋ ಪೀಸ್‌ಗೆ ಒಟ್ಟು ಒಂದರಿಂದ ಒಂದೂವರೆ ನಿಮಿಷ, ಶುಗರ್ ಸ್ನ್ಯಾಪ್‌ಗೆ ಎರಡರಿಂದ ಎರಡೂವರೆ ನಿಮಿಷ. ಹಸಿರು ಒಮ್ಮೆಲೇ ಗಾಢವಾಗಿ ಹೊಳೆಯತೊಡಗುವುದೇ ಇಳಿಸಬೇಕಾದ ಗುರುತು. ಆ ಹೊಳಪು ಮಂಕಾಗುವುದನ್ನು ಕಣ್ಣಾರೆ ಕಂಡಿರೆಂದರೆ ತಡವಾಗಿದೆ. ಕಾಯಿ ಬೆಂದಂತೆ ಅನಿಸುವ ಮುಂಚೆಯೇ ಒಲೆ ಆರಿಸಬೇಕು ಎಂಬುದನ್ನು ಒಪ್ಪಿಕೊಳ್ಳಲು ಮನಸ್ಸು ಹಿಂಜರಿಯುತ್ತದೆ, ಆದರೆ ಒಳಗಿನ ಬಿಸಿ ಉಳಿದ ಕೆಲಸವನ್ನು ತಟ್ಟೆಯಲ್ಲಿ ಮುಗಿಸುತ್ತದೆ.

ಉಪ್ಪನ್ನು ಒಲೆ ಆರಿಸಿದ ಮೇಲೆ ಹಾಕಿ; ಮೊದಲೇ ಹಾಕಿದರೆ ಅದು ಕಾಯಿಯ ನೀರನ್ನು ಹೊರಗೆಳೆಯುತ್ತದೆ. ತೆಗೆದಿಟ್ಟ ಒಗ್ಗರಣೆ, ತೆಂಗಿನತುರಿ ಬೆರೆಸಿ ಕೂಡಲೇ ಅಗಲವಾದ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಡುವುದು, ಮುಚ್ಚಳ ಮುಚ್ಚುವುದು, ಹಾಟ್‌ಬಾಕ್ಸ್‌ಗೆ ತುಂಬುವುದು ಮೂರೂ ಒಂದೇ ತಪ್ಪಿನ ಮೂರು ರೂಪಗಳು. ಡಬ್ಬಿಗೆ ಕಟ್ಟಬೇಕಾದಾಗ ಪೂರ್ತಿ ಆರಲು ಬಿಟ್ಟು ಆಮೇಲೆ ಮುಚ್ಚಿ.

ಬೆಳ್ಳುಳ್ಳಿ ಬಳಸುವುದಾದರೆ ಉದ್ದಿನಬೇಳೆಯ ಜಾಗದಲ್ಲಿ ಜಜ್ಜಿದ ನಾಲ್ಕು ಎಸಳನ್ನು ಹುರಿದು ತೆಗೆದಿಟ್ಟು, ಕೊನೆಯಲ್ಲಿ ಹುರಿದ ಬಿಳಿ ಎಳ್ಳಿನೊಂದಿಗೆ ಬೆರೆಸಿ. ಸಾರಿನಪುಡಿ, ಧನಿಯಾಪುಡಿಗಳನ್ನು ನಾನು ಇದಕ್ಕೆ ಸೇರಿಸುವುದಿಲ್ಲ. ಕಾಯಿಯ ಸಿಹಿ ಅವುಗಳಡಿ ಹೂತುಹೋಗುತ್ತದೆ.

8. ಕುದಿನೀರಿನಲ್ಲಿ ಅದ್ದಿ ತೆಗೆಯುವುದು

ಕೋಸಂಬರಿಗೆ, ಸಾಗುವಿಗೆ, ಹೆಚ್ಚು ದಿನ ಶೇಖರಿಸಿಡುವುದಕ್ಕೆ ಈ ಕ್ರಮ. 250 ಗ್ರಾಂ ಕಾಯಿಗೆ ಎರಡು ಲೀಟರ್ ನೀರು, ಎರಡು ಚಮಚ ಉಪ್ಪು. ನೀರು ಕಡಿಮೆಯಾದರೆ ಕಾಯಿ ಹಾಕಿದಾಗ ಕುದಿ ನಿಂತುಹೋಗಿ, ಮತ್ತೆ ಕುದಿಯುವಷ್ಟರಲ್ಲಿ ಕಾಯಿ ಅತಿಯಾಗಿ ಬೆಂದಿರುತ್ತದೆ. ಪಕ್ಕದಲ್ಲಿ ಮಂಜುಗಡ್ಡೆ ಹಾಕಿದ ನೀರಿನ ಪಾತ್ರೆ ಮೊದಲೇ ಇರಲಿ.

ಮುಚ್ಚಳವಿಲ್ಲದೆ, ಸ್ನೋ ಪೀಸನ್ನು ಮೂವತ್ತರಿಂದ ನಲವತ್ತೈದು ಸೆಕೆಂಡು, ಶುಗರ್ ಸ್ನ್ಯಾಪನ್ನು ಒಂದರಿಂದ ಒಂದೂವರೆ ನಿಮಿಷ ಕುದಿಸಿ, ಬಸಿದು, ತಣ್ಣೀರಿಗೆ ಹಾಕಿ, ತಣಿದ ಕೂಡಲೇ ತೆಗೆದು ಒರೆಸಿ. ತಣ್ಣೀರಿನಲ್ಲೇ ಮರೆತುಬಿಟ್ಟರೆ ರುಚಿ ನೀರುಪಾಲು. ಹಸಿರು ಉಳಿಯಲೆಂದು ಕೆಲವರು ಅಡುಗೆ ಸೋಡಾ ಹಾಕುತ್ತಾರೆ. ಬಣ್ಣವೇನೋ ಉಳಿಯುತ್ತದೆ, ಆದರೆ ಸಿಪ್ಪೆ ಲೋಳೆಯಂತಾಗುತ್ತದೆ, ಬಿ1 ಜೀವಸತ್ವ ನಾಶವಾಗುತ್ತದೆ.

ಫ್ರೀಜರಿನಲ್ಲಿಡುವುದಾದರೆ ಶುಗರ್ ಸ್ನ್ಯಾಪನ್ನು ಪೂರ್ತಿ ಎರಡು ನಿಮಿಷ, ಸ್ನೋ ಪೀಸನ್ನು ಒಂದೂವರೆ ನಿಮಿಷ ಕುದಿಸಬೇಕು, ಏಕೆಂದರೆ ಕಿಣ್ವಗಳ ಚಟುವಟಿಕೆ ನಿಲ್ಲದಿದ್ದರೆ ಫ್ರೀಜರಿನ ಒಳಗೂ ರುಚಿ ಕೆಡುತ್ತಲೇ ಇರುತ್ತದೆ. ಒರೆಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಗಟ್ಟಿಯಾಗಿಸಿ, ಆಮೇಲೆ ಚೀಲಕ್ಕೆ ತುಂಬಿ. ಹೀಗಿಟ್ಟದ್ದಕ್ಕೆ ಕರುಕುರು ಗುಣ ಮರಳಿ ಬಾರದು. ಅದನ್ನು ಪಲಾವಿಗೆ, ಸಾಗುವಿಗೆ ಮಾತ್ರ ಬಳಸಿ, ಕರಗಿಸದೆ ನೇರವಾಗಿ ಬಿಸಿಗೆ ಹಾಕಿ.

9. ನಮ್ಮ ಅಡುಗೆಗಳಲ್ಲಿ ಯಾವಾಗ ಸೇರಿಸಬೇಕು

ಉತ್ತರ ಒಂದೇ: ಕೊನೆಗೆ. ಸಾಗು ಮತ್ತು ಕುರ್ಮಕ್ಕೆ ಆಲೂಗಡ್ಡೆ, ಕ್ಯಾರೆಟ್ ಬೆಂದು, ಮಸಾಲೆ ಕುದಿದ ಮೇಲೆ, ಇಳಿಸಲು ಎರಡು ನಿಮಿಷವಿರುವಾಗ ಹಾಕಿ. ಪಲಾವಿಗೆ ಕುಕ್ಕರಿನಲ್ಲಿ ಅಕ್ಕಿಯೊಂದಿಗೆ ಹಾಕಿದರೆ ಬರಿಯ ಸಿಪ್ಪೆಯ ಚಿಂದಿ ಉಳಿಯುತ್ತದೆ. ಬೇರೆ ಹುರಿದು ಅನ್ನ ಬಿಡಿಸುವಾಗ ಬೆರೆಸಿ. ಉಪ್ಪಿಟ್ಟಿಗೆ ರವೆ ಅರಳಿದ ಮೇಲೆ ಸೇರಿಸಿ.

ಹುಳಿಯ ವಿಷಯದಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು. ಎಲೆಗೂ ಕಾಯಿಗೂ ಹಸಿರು ಕೊಡುವ ಪತ್ರಹರಿತ್ತಿನ ನಡುವೆ ಮೆಗ್ನೀಸಿಯಮ್ ಇರುತ್ತದೆ. ಹುಳಿ ಮತ್ತು ಬಿಸಿ ಜೊತೆಗೂಡಿದಾಗ ಅದು ಕಳಚಿಹೋಗಿ, ಹಸಿರು ಆಲಿವ್ ಕಂದಿಗೆ ತಿರುಗುತ್ತದೆ. ಹುಣಿಸೆ ರಸದಲ್ಲಿ ಕುದಿಯುವ ಹುಳಿ, ಗೊಜ್ಜುಗಳಿಗೆ ಈ ಕಾಯಿ ಹೊಂದುವುದಿಲ್ಲ. ಹೆಸರುಬೇಳೆ ಕೋಸಂಬರಿಗೆ ಅದ್ದಿ ತಣಿಸಿದ ಶುಗರ್ ಸ್ನ್ಯಾಪನ್ನು ಓರೆಯಾಗಿ ಸೀಳಿ ಬೆರೆಸಬಹುದು, ಆದರೆ ನಿಂಬೆರಸವನ್ನು ಎಲೆಗೆ ಬಡಿಸುವ ಗಳಿಗೆಯಲ್ಲಷ್ಟೇ ಹಿಂಡಬೇಕು. ಎಳೆಯ ಶುಗರ್ ಸ್ನ್ಯಾಪನ್ನು ತೊಳೆದು ಹಸಿಯಾಗಿಯೂ ತಿನ್ನಬಹುದು. ಹೊಸದಾಗಿ ಕೊಯ್ದದ್ದು ಸಿಕ್ಕಿದರೆ ನಾನು ಅರ್ಧವನ್ನು ಒಲೆಯವರೆಗೆ ಬರಲು ಬಿಡುವುದೇ ಇಲ್ಲ.

10. ಎಡವಟ್ಟಾದಾಗ

ಬಲಿತ ಸ್ನೋ ಪೀಸ್ ಮನೆಗೆ ಬಂದಿದ್ದರೆ ಹುರಿಯಲು ಹೋಗಬೇಡಿ. ನಾರು ತೆಗೆದು, ಓರೆಯಾಗಿ ತೆಳ್ಳಗೆ ಸೀಳಿ ಸೂಪಿಗೋ ನೂಡಲ್ಸಿಗೋ ಹಾಕಿ. ಬಾಡಿದ್ದರೆ ಅರ್ಧ ಗಂಟೆ ಮಂಜುನೀರಿನಲ್ಲಿಟ್ಟರೆ ಬಿಗಿ ಮರಳುತ್ತದೆ, ಸಿಹಿ ಮರಳುವುದಿಲ್ಲ. ಮೈಮೇಲೆ ಬಿಳಿಚುಕ್ಕೆ, ಒಣ ಗೆರೆಗಳಷ್ಟೇ ಇದ್ದರೆ ಆ ಭಾಗ ಕತ್ತರಿಸಿ ಬಳಸಬಹುದು. ಲೋಳೆ, ಬೂಷ್ಟು, ಹುಳಿವಾಸನೆ ಇದ್ದರೆ ಎಸೆಯಲೇಬೇಕು.

ಸುಲಿಯುವ ಬಟಾಣಿಯನ್ನೇ ತಪ್ಪಿ ತಂದುಬಿಟ್ಟಿದ್ದರೆ ಎರಡು ದಾರಿಗಳಿವೆ. ಕಾಳು ಬಿಡಿಸಿಕೊಂಡು, ಸಿಪ್ಪೆಯ ಪ್ರತಿ ಹೋಳಿನ ತುದಿಯನ್ನು ಒಳಮೈ ಕಡೆಗೆ ಮಡಚಿ ಮುರಿದರೆ ಬಿರುಸು ಪೊರೆಯ ಅಂಚು ಬಿಡುತ್ತದೆ. ಅದನ್ನು ಹಿಡಿದು ನಿಧಾನವಾಗಿ ಎಳೆದರೆ ಹಸಿರು ಭಾಗ ಬೇರೆಯಾಗಿ ಉಳಿಯುತ್ತದೆ. ಉತ್ತರ ಭಾರತದ ಮನೆಗಳಲ್ಲಿ ಹೀಗೆ ಬಿಡಿಸಿದ ಸಿಪ್ಪೆಗೆ ಆಲೂಗಡ್ಡೆ ಸೇರಿಸಿ ಪಲ್ಯ ಮಾಡುತ್ತಾರೆ. ಅಷ್ಟು ತಾಳ್ಮೆ ಇಲ್ಲದವರು ಸಿಪ್ಪೆಯನ್ನು ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿ, ಸೋಸಿ, ಆ ಸಿಹಿನೀರನ್ನು ಸೂಪಿಗೆ ಬಳಸಿಕೊಳ್ಳಬಹುದು. ಕಾಳು ಹೇಗಿದ್ದರೂ ಮರುದಿನದ ಉಪ್ಪಿಟ್ಟಿಗೆ ಆಗುತ್ತದೆ.